ದೋಣಿಯಡಿಯ ನೆಂಟರು

ಮೊಮ್ಮಕ್ಕಳು ಓದಿ ಮುಂದೆ ಬರಲಿ ಎಂದು ದೇವರಿಗೆ ಹರಕೆ ಹೊರುವ ಅಜ್ಜಿಯರಿಗೆ ನನ್ನದೊಂದು ಮಾತು: ಏನನ್ನು ಓದಬೇಕು ಎಂಬುದನ್ನೂ ಬಿಡಿಸಿ ಹೇಳಿ. ಬರೀ ‘ಓದಲಿ’ ಎಂದು ಕೈಮುಗಿದು ನಾನು ಪಟ್ಟ ಪಾಡು ಸಾಕು.

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು, ಉಪ್ಪುಂದದಲ್ಲಿ ಮೀನು ಮಾರುತ್ತಲೇ ಮುದುಕಿಯಾದವಳು ನಾನು. ಮಗಳ ಮಗಳು ಅಶ್ವಿನಿ ಮಂಗಳೂರಿನಲ್ಲಿ ದೊಡ್ಡ ಓದು ಓದುತ್ತಾಳೆಂದು ಬುಟ್ಟಿ ಇಳಿಸಿದ ಮನೆಗಳಲ್ಲೆಲ್ಲ ಹೇಳಿ, ಕೇಳುವವರು ಬಾಗಿಲು ಹಾಕಿಕೊಳ್ಳುವಷ್ಟು ಹೇಳಿ, ಆಗಿತ್ತು. ರಜೆಗೆ ಬಂದ ಆ ಹುಡುಗಿ ಮಾಡಿದ್ದೇನು? ನಮ್ಮ ದೋಣಿಯ ಅಡಿಯಿಂದ ಕೆರೆದು ಎಸೆಯುವ ಲೋಳೆಗಂಟುಗಳನ್ನು, ಹಿಚುಕಿದರೆ ಮುಖಕ್ಕೇ ನೀರು ಚಿಮ್ಮಿಸುವ ಆ ಜಂತುಗಳನ್ನು, ಬಕೆಟ್ ತುಂಬ ತಂದು ಅಡುಗೆಮನೆಯಲ್ಲಿಟ್ಟಳು!

“ಬೈಬ್ಯಾಡ ಅಮ್ಮಮ್ಮ, ಇವ್ ನಮ್ಗೆ ದೂರದ್ ನೆಂಟ್ರ್,” ಎಂದಳು.

ಮರಿಯಾಗಿದ್ದಾಗ ಇದರ ಬಾಲದಲ್ಲಿ ಬೆನ್ನೆಲುಬಿನ ಹಾಗೊಂದು ಕಡ್ಡಿ ಇರುತ್ತದಂತೆ. ಸಿಗಡಿಯ ಸಿಪ್ಪೆಯೆಂದರೆ ಸಕ್ಕರೆಯ ಸರಪಳಿಯಂತೆ. ಅಂಥ ಸರಪಳಿಯನ್ನು ಗಪ್ಪನೆ ಹಿಡಿಯುವ, ಕಣ್ಣಿಗೆ ಕಾಣದ ಕೈ ಇದರ ಕರುಳಿನಲ್ಲಿದೆಯಂತೆ. ಆ ಕೈ ಎಲ್ಲಿ ಹುಟ್ಟಿತು, ಹೇಗೆ ಬದಲಾಗುತ್ತ ನಮ್ಮವರೆಗೆ ಬಂತು ಎಂಬುದೇ ಇವಳ ಓದು. ಜೀವಮಾನವಿಡೀ ಸಿಗಡಿ ಸುಲಿದ ನನಗೆ ಸಿಪ್ಪೆ ಒಮ್ಮೆಯೂ ಸಿಹಿ ಎನಿಸಿಲ್ಲ.

“ನಾಳೆ ಪರೀಕ್ಷೆಗೆ ಕಾಲೇಜಿಗೆ ಇದನ್ನ್ ಜೀವಂತ ತಕಂಡ್ ಹೋಯ್ಕ್. ಹಾಳಾಗ್ದಂಗೆ ಕಂಡ್ಕ,” ಎಂದು ಸ್ನಾನಕ್ಕೆ ಹೋದಳು.

ಹಾಳಾಗದ ಹಾಗೆ! ಅದನ್ನು ಮೀನುಗಾರ್ತಿಗೆ ಹೇಳಿಕೊಡಬೇಕೇ? ಪೆಟ್ಟಿಗೆಯ ಐಸನ್ನೆಲ್ಲ ಬಕೆಟ್ಟಿಗೆ ಸುರಿದು, ಮೇಲೊಂದು ಮುಷ್ಟಿ ಉಪ್ಪು ಉದುರಿಸಿದೆ. ಬಂಗುಡೆಗೂ ನಾನು ಅಷ್ಟು ಉಪಚಾರ ಮಾಡಿದವಳಲ್ಲ.

ಬಂದವಳು ಬಕೆಟ್ಟಿಗೆ ಕೈ ಹಾಕಿ ಒಂದೊಂದನ್ನೇ ಹಿಚುಕಿ ನೋಡಿದಳು. “ಎಂತ ಮಾಡ್ದೆ ಅಮ್ಮಮ್ಮ! ಎಲ್ಲ ಸತ್ತ್ ಹೋಯ್ತಲೆ! ಇನ್ನ್ ನನ್ ಪರೀಕ್ಷೆ ಎಂತ ಆತ್ತ್?”

ಬೇರೆ ತರೋಣವೆಂದರೆ ನಮ್ಮ ದೋಣಿಯ ಅಡಿ ಈಗ ಕನ್ನಡಿ. ಮಗನ ಪ್ರಾಣ ತಿಂದು ಆ ಬೆಳಿಗ್ಗೆಯಷ್ಟೇ ಕೆರೆಸಿದವಳು ನಾನೇ. ಕೇರಿಯಲ್ಲಿ ಕೆರೆಯದ ದೋಣಿಯೆಂದರೆ ಪಕ್ಕದ ಮನೆಯ ಮಂಜನದು. ಅವನನ್ನು ಸೋಮಾರಿ ಎಂದು ನಾನು ಬೈಯದ ದಿನವಿಲ್ಲ. ಬಕೆಟ್ ಹಿಡಿದು ಅವನೆದುರು ಹಲ್ಲು ಗಿಂಜಿ ನಿಂತೆ.

“ಹ್ವಾಯ್ ಅಕ್ಕ, ನನ್ ದೋಣಿ ಕಂಡ್ರೆ ಹೇಸಿಗೆ ಆತ್ತ್ ಅಂದವ್ರ್, ಈಗ ಅದ್ರ ಅಡಿಗೇ ಬಂದ್ರಿಯಲೆ?”

“ಬಾಯ್ ಮುಚ್ಚ್ ಮಾರಾಯ. ನಮ್ ನೆಂಟ್ರ್ ನಿನ್ ದೋಣಿ ಅಡಿಯಾಗೆ ಇದ್ರ್!”

ಅವನು ನಗುತ್ತಲೇ ನೀರಿಗಿಳಿದ. ಬಕೆಟ್ ತುಂಬಿತು, ಅಶ್ವಿನಿ ಪಾಸಾದಳು. ಕೇರಿಗೆಲ್ಲ ಲಾಡು ಹಂಚಿ, ಮಂಜನಿಗೆ ಎರಡು ಹೆಚ್ಚು ಕೊಟ್ಟೆ. ಕೊನೆಯದೊಂದನ್ನು ಮುಷ್ಟಿಯಲ್ಲಿ ಬಚ್ಚಿಟ್ಟದ್ದು ಅಶ್ವಿನಿಯ ಕಣ್ಣಿಗೆ ಬಿತ್ತು. ನನಗೆ ಸಕ್ಕರೆ ಕಾಯಿಲೆ, ನೋಡಿ. ಬೆರಳು ಬಿಡಿಸಲು ಅವಳು ಎಷ್ಟು ಎಳೆದರೂ ಆಗಲಿಲ್ಲ.

“ಸಕ್ರೆ ಹಿಡಿವ ಕೈ ಎಲ್ಲಿಂದ ಬಂತ್ ಅಂದ್ ಅಷ್ಟ್ ಓದಿದ್ಯಲೆ ಹೆಣೆ,” ಎಂದೆ. “ಅಷ್ಟ್ ಹಳೇ ಕೈಯನ್ನ್ ನೀ ಒಂದ್ ದಿನದಾಗೆ ಬಿಡ್ಸುಕಾತ್ತಾ?”