ಐವತ್ತಮೂರರ ಅತ್ತೆ ಸ್ಟೂಡೆಂಟ್ ವೀಸಾದಲ್ಲಿ ಹೋದದ್ದು

ನಮ್ಮ ಸೋದರತ್ತೆಯನ್ನು ಯಾವ ದೇಶವೂ ಒಳಗೆ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಸ್ಕಾಟ್ಲೆಂಡಿನವರು ನನ್ನನ್ನು ಕೇಳಲಿಲ್ಲ. ಬಿಟ್ಟುಕೊಂಡರು. ಅದೂ ವಿದ್ಯಾರ್ಥಿನಿ ಎಂದು!

ಅತ್ತೆಗೆ ಆಗ ಐವತ್ತಮೂರು. ಬಿ.ಎಸ್ಸಿ. ಮುಗಿಸಿದ ವಾರವೇ ತಾತ ತೀರಿಕೊಂಡದ್ದರಿಂದ ಗಾಂಧಿ ಬಜಾರಿನ ನಮ್ಮ ತರಕಾರಿ ಅಂಗಡಿಯಲ್ಲಿ ಅಜ್ಜಿಯ ಪಕ್ಕ ಕುಳಿತವರು ಮೂವತ್ತು ವರ್ಷ ಮೇಲೇಳಲಿಲ್ಲ. ಮದುವೆಯ ಮಾತೆತ್ತಿದವರನ್ನೆಲ್ಲ, "ಗಂಡು ಬೆಳಿಗ್ಗೆ ನಾಲ್ಕಕ್ಕೆದ್ದು ಮಾರ್ಕೆಟ್‌ಗೆ ಬರ್ತಾನಾ ಕೇಳಿ" ಎಂದು ಓಡಿಸಿದರು. ಅಂಥವರು ಒಂದು ಭಾನುವಾರ ಎನ್.ಆರ್. ಕಾಲೋನಿಯ ಮನೆಯಲ್ಲಿ ಮುದ್ದೆ ಮುರಿಯುತ್ತ, "ಅಣ್ಣಾ, ನಂಗೆ ಸೀಟ್ ಸಿಕ್ಕಿದೆ" ಅಂದರು.

"ಯಾವ ಬಸ್ಸಲ್ಲಿ?" ಅಂದರು ನಮ್ಮಪ್ಪ.

"ಬಸ್ಸಲ್ಲಲ್ಲ, ಸ್ಕಾಟ್ಲೆಂಡಲ್ಲಿ. ತರಕಾರಿ ಕೆಡದ ಹಾಗೆ ಇಡೋದು ಹೆಂಗೆ ಅಂತ ಒಂದು ವರ್ಷದ ಎಂ.ಎಸ್ಸಿ. ಸ್ಕಾಲರ್‌ಶಿಪ್ಪೂ ಕೊಟ್ಟಿದಾರೆ."

"ನಿಂಗೆ ಗೊತ್ತಿಲ್ದೇ ಇರೋದು ಅವ್ರೇನಮ್ಮ ಹೇಳ್ಕೊಡ್ತಾರೆ?"

"ಅದನ್ನೇ ನೋಡ್ಕೊಂಡ್ ಬರ್ತೀನಿ."

ವೀಸಾ ಸಂದರ್ಶನ ವೀಡಿಯೊದಲ್ಲಿ ನಡೆಯಿತು. ಓದು ಮುಗಿದ ಮೇಲೆ ವಾಪಸ್ ಹೋಗುತ್ತೀರಿ ಎಂಬುದಕ್ಕೆ ಏನು ಗ್ಯಾರಂಟಿ ಎಂದು ಅಧಿಕಾರಿ ಕೇಳಿದ. ಅತ್ತೆ ತಮ್ಮ ಇಂಗ್ಲಿಷಿನಲ್ಲಿ ಉತ್ತರಿಸಿದರು: ತಾನು ಬಾರದಿದ್ದರೆ ಅಂಗಡಿ ನೋಡಿಕೊಳ್ಳಬೇಕಾದವನು ತನ್ನ ಅಣ್ಣ, ಅವನಿಗೆ ಹೀರೇಕಾಯಿಗೂ ಪಡವಲಕಾಯಿಗೂ ವ್ಯತ್ಯಾಸ ತಿಳಿಯದು! ಆತ ಪಾಪ, ಹೀರೇಕಾಯಿ ಎಂದರೇನು ಅಂದುಬಿಟ್ಟ. ಮುಂದಿನ ಇಪ್ಪತ್ತು ನಿಮಿಷ ಅತ್ತೆಯ ಹೀರೇಕಾಯಿ ಪಾಠ ನಡೆಯಿತು. ವೀಸಾ ಬಂತು. ಮೆಚ್ಚಿ ಕೊಟ್ಟನೋ, ಸುಸ್ತಾಗಿ ಕೊಟ್ಟನೋ, ನಮಗೇಕೆ?

ಮೊದಲ ದಿನ ಕ್ಲಾಸಿಗೆ ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಬೂಟು ಹಾಕಿ ಹೋದರಂತೆ. ಹುಡುಗ ಹುಡುಗಿಯರು ಇವರೇ ಪ್ರೊಫೆಸರ್ ಎಂದು ಗಪ್‌ಚಿಪ್ಪಾದರು. ಆಮೇಲೆ ಗಡ್ಡದ ಯುವಕನೊಬ್ಬ ಬಾಗಿಲಲ್ಲಿ ನಿಂತದ್ದು ಕಂಡು ಅತ್ತೆಗೆ ಕನಿಕರ ಬಂತು. "ಬಾ ಮಗಾ, ಇಲ್ಲಿ ಜಾಗ ಇದೆ" ಎಂದು ಕೈಸನ್ನೆ ಮಾಡಿ ಪಕ್ಕಕ್ಕೆ ಕರೆದರು. ಭಾಷೆ ತಿಳಿಯದಿದ್ದರೂ ಸನ್ನೆ ತಿಳಿದು ಆತ ಬಂದು ಕುಳಿತ. ಅವನೇ ಪ್ರೊಫೆಸರ್!

ಸೂಪರ್‌ಮಾರ್ಕೆಟ್ಟಿನಲ್ಲಿ ನಡೆದದ್ದು ಇನ್ನೂ ಘನವಾದ ಕಥೆ. ಬೆಂಡೆಕಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಸುತ್ತಿಟ್ಟರೆ ಎಳೆಯದೋ ಬಲಿತದ್ದೋ ತಿಳಿಯುವುದು ಹೇಗೆ? ಅತ್ತೆ ಪ್ಯಾಕೆಟ್ ಬಿಚ್ಚಿದರು. ಒಂದೊಂದರ ತುದಿಯನ್ನೂ ಪಟ್ ಪಟ್ ಎಂದು ಮುರಿದು ನೋಡಿದರು. ಮೂರನೆಯ ಪ್ಯಾಕೆಟ್ಟಿಗೆ ಕೈ ಹಾಕುವ ಹೊತ್ತಿಗೆ ಮ್ಯಾನೇಜರ್ ಓಡಿಬಂದ. ಇವರು ಕ್ಷಮೆ ಕೇಳಿದರೇ? ಸೌತೆಕಾಯಿಯ ಪಕ್ಕ ಬಾಳೆಹಣ್ಣು ಇಟ್ಟಿದ್ದೀಯಲ್ಲ, ನಾಲ್ಕು ದಿನಕ್ಕೆ ಹಳದಿ ತಿರುಗುತ್ತೆ, ನಿನಗೆ ಯಾರಯ್ಯ ಕೆಲಸ ಕೊಟ್ಟವರು ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡರು. ಮರುವಾರದಿಂದ ಶನಿವಾರ, ಭಾನುವಾರ ಅತ್ತೆಗೆ ಅಲ್ಲೇ ಕೆಲಸ!

ಇಷ್ಟೆಲ್ಲ ಆರ್ಭಟದ ನಮ್ಮತ್ತೆ ಡಿಸೆಂಬರಿನಲ್ಲಿ ನನಗೆ ಫೋನ್ ಮಾಡಿದಾಗ ದನಿ ಸಣ್ಣಗಿತ್ತು.

"ಮೊದಲ್ನೇ ಪ್ರಬಂಧದಲ್ಲೇ ಫೇಲ್ ಆದೆ ಕಣೇ. ಇನ್ನೊಂದ್ಸಲ ಬರೀಬೇಕಂತೆ. ಅದೂ ಹೋದ್ರೆ ಮನೆಗೆ."

"ನೀವಾ? ಏನ್ ಬರೆದ್ರಿ ಅತ್ತೆ?"

ಅಂಗಡಿಯಲ್ಲಿ ಮಾಡುವುದನ್ನೇ ಬರೆದಿದ್ದರು. ಟೊಮೇಟೊ ತೊಟ್ಟು ಕೆಳಗೆ ಮಾಡಿ ಇಡಬೇಕು, ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಬೇಕು. ಗಡ್ಡದ ಪ್ರೊಫೆಸರ್ ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ, "ಇದಕ್ಕೆ ಆಧಾರ ಯಾವುದು?" ಎಂದು ಕೇಳಿದ್ದ.

"ಆಧಾರ ನಮ್ಮಮ್ಮ ಅಂದೆ. ಅವ್ನು ನಗ್ಲಿಲ್ಲ ಕಣೇ. ಹಂಗಾದ್ರೆ ಅವ್ರನ್ನ ಸರಿಯಾಗಿ ಸಂದರ್ಶನ ಮಾಡಿ, ಒಪ್ಪಿಗೆಪತ್ರ ತಗೊಂಡು, ಅವ್ರ ಹೆಸರು ಹಾಕಿ ಬರೀರಿ ಅಂದ."

ಸರಿ, ನಾನು ಅಜ್ಜಿಯ ಮುಂದೆ ಫೋನ್ ಹಿಡಿದು ಕುಳಿತೆ. ಅಜ್ಜಿಗೆ ಎಂಬತ್ತು ದಾಟಿದೆ. ಅತ್ತೆ ಗಂಭೀರವಾಗಿ, "ಅಮ್ಮಾ, ಟೊಮೇಟೊ ಯಾಕೆ ತೊಟ್ಟು ಕೆಳಗೆ ಮಾಡಿ ಇಡ್ತೀವಿ?" ಎಂದು ಕೇಳಿದರು. ಅಜ್ಜಿ ಕೆರಳಿದಳು.

"ಮೂವತ್ತು ವರ್ಷ ನನ್ ಪಕ್ಕದಲ್ಲಿ ಕೂತಿದ್ದು ಇದೂ ಗೊತ್ತಿಲ್ವೇನೇ? ಇದನ್ನ ಕೇಳಕ್ಕೆ ಫಾರಿನ್‌ಗೆ ಹೋದ್ಯಾ?"

ಆದರೂ ಹೇಳಿದಳು. ನಾಲ್ಕು ಸಂಜೆ ಹೇಳಿದಳು. ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಅತ್ತೆ ಪಾಸಾದರು. ಅದನ್ನೇ ಹಿಗ್ಗಿಸಿ ಕೊನೆಯ ಪ್ರಬಂಧವನ್ನೂ ಬರೆದು, ಡಿಗ್ರಿ ತಗೊಂಡೇ ಬಂದರು.

ಬಂದ ದಿನ ಕೈಕಾಲು ಕೂಡ ತೊಳೆಯದೆ ಆ ಪ್ರಬಂಧದ ನೀಲಿ ರಟ್ಟಿನ ಪುಸ್ತಕವನ್ನು ಅಜ್ಜಿಯ ಮಡಿಲಲ್ಲಿಟ್ಟು ಕೊನೆಯ ಪುಟಗಳನ್ನು ತೆಗೆದರು. ಆಕರಗಳ ಪಟ್ಟಿ. ಅಜ್ಜಿಯ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟರು.

"ಇದು ನೀನು. ಮುನಿಯಮ್ಮ, ತರಕಾರಿ ವ್ಯಾಪಾರಿ, ಗಾಂಧಿ ಬಜಾರ್ ಅಂತ ಬರ್ದಿದೆ."

ಅಜ್ಜಿ ಬೆರಳು ತೆಗೆಯಲಿಲ್ಲ. "ಮೇಲ್ಗಡೆ ಇರೋದು ಯಾರು?"

"ಒಬ್ರು ಪ್ರೊಫೆಸರು ಕಣಮ್ಮಾ."

"ಕೆಳಗಡೆ?"

"ಅವ್ರೂ ಪ್ರೊಫೆಸರೇ."

ಅಜ್ಜಿ, ಆ ಇಬ್ಬರು ಪ್ರೊಫೆಸರರೂ ತನ್ನನ್ನು ನೋಡುತ್ತಿದ್ದಾರೇನೋ ಎಂಬಂತೆ, ಮೆಲ್ಲಗೆ ಸೆರಗು ಸರಿಮಾಡಿಕೊಂಡಳು.