ಬಿಸಿಲಲ್ಲಿ ಕೊಡೆ ಹಿಡಿಸಿಕೊಂಡ ಟಗರು

ಕುರಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ತಾತ ಕುರಿ ಕಾಯ್ದವರು, ಅಪ್ಪ ಕುರಿ ಕಾಯ್ದವರು. ಚಿಕ್ಕಪ್ಪ ಮಾದಪ್ಪ ಆ ತೊಂಬತ್ತರ ದಶಕದಲ್ಲೂ ಕಾರಿಮಂಗಲಂ ಪಕ್ಕದ ಹಳ್ಳಿಯಲ್ಲಿ ಕಾಯುತ್ತಿದ್ದ. ನಾನು ಸೇಲಂನ ಆಫೀಸೊಂದರಲ್ಲಿ ಕೂತು ಫೈಲು ಕಾಯುತ್ತಿದ್ದೆ. ಅಷ್ಟೇ ವ್ಯತ್ಯಾಸ.

ಹೀಗಾಗಿ ಪಕ್ಕದ ಮೇಜಿನ ದೇವಸಹಾಯಂ ಒಂದು ದಿನ, "ಸಿದ್ದಪ್ಪ ಸಾರ್, ಊನವಿಲ್ಲದ, ಒಂದು ವರ್ಷದ ಗಂಡು ಕುರಿಮರಿ ಬೇಕು. ನಮ್ಮ ಅಯ್ಯರ್ ಕೇಳಿದ್ದಾರೆ" ಎಂದು ತಮಿಳಿನಲ್ಲಿ ಹೇಳಿದಾಗ, "ಇಷ್ಟೇ ತಾನೆ!" ಎಂದುಬಿಟ್ಟೆ.

ಮನೆಗೆ ಬಂದು ಹೇಳಿದರೆ ಹೆಂಡತಿ ಗಿರಿಜಾ ಸೌಟು ಕೆಳಗಿಟ್ಟಳು.

"ಅಯ್ಯರ್ ಕುರಿ ಕೇಳವ್ರಾ? ಕಾಲ ಕೆಟ್ಟೋಯ್ತು ಬಿಡಿ!"

"ಅವರ ಚರ್ಚ್ ಪಾದ್ರೀನ ಅವರು ಅಯ್ಯರ್ ಅಂತಾರೆ ಕಣೇ."

"ಪಾದ್ರಿಗೆ ಕುರಿ ಯಾಕೆ?"

ಅದು ನನಗೂ ಗೊತ್ತಿರಲಿಲ್ಲ. ಮರುದಿನ ದೇವಸಹಾಯಂ ವಿವರವಾಗಿ ಹೇಳಿದ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಜನರನ್ನು ದೇವರು ಬಿಡಿಸಿದನಂತೆ. ಅವರು ಕುರಿಮರಿ ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಬಳಿದರಂತೆ. ಸಾವು ಆ ಮನೆಗಳನ್ನು ಬಿಟ್ಟು ಮುಂದೆ ದಾಟಿತಂತೆ. ಚಪ್ಪಲಿ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು, ಹುಳಿ ಬರಿಸದ ರೊಟ್ಟಿಯನ್ನು ಅವಸರದಲ್ಲಿ ತಿಂದು ಹೊರಟರಂತೆ. ಆ ಬಿಡುಗಡೆಯನ್ನು ನೆನೆಯುವ ಊಟದಲ್ಲೇ ಯೇಸು ರೊಟ್ಟಿ ಮುರಿದು, ಇನ್ನು ಮುಂದೆ ನನ್ನನ್ನು ನೆನೆದು ಹೀಗೆ ಮಾಡಿ ಎಂದರಂತೆ. ಕುರಿಮರಿಯ ಜಾಗಕ್ಕೆ ತಾವೇ ಹೋದರಂತೆ. ಗುಡ್ ಫ್ರೈಡೇ ಹಿಂದಿನ ಗುರುವಾರ ಸಂಜೆ ಚರ್ಚಿನಲ್ಲಿ ಮೊದಲು ಆ ಹಳೆಯ ಕಥೆಯನ್ನು ಆಡಿ ತೋರಿಸಿ, ಆಮೇಲೆ ರೊಟ್ಟಿ ಹಂಚುತ್ತಾರಂತೆ.

"ಹಾಗಾದರೆ ನಮ್ಮ ಮರಿ?"

"ಸುಮ್ಮನೆ ನಿಂತರೆ ಸಾಕು."

"ಕೊಯ್ಯೋದಿಲ್ಲವಾ?"

"ಒರು ಸೊಟ್ಟು ರತ್ತಂ ಕಿಡೈಯಾದು ಸಾರ್!"

ಒಂದು ತೊಟ್ಟು ರಕ್ತವೂ ಇಲ್ಲವಂತೆ! ದೇವರ ಮುಂದಕ್ಕೆ ಕುರಿ ತಂದು ಕೊಯ್ಯದೆ ವಾಪಸು ಕಳಿಸುವುದು ನನ್ನ ವಂಶದ ಅನುಭವದಲ್ಲಿ ಇರಲಿಲ್ಲ. ಏನೂ ಅರ್ಥವಾಗದೆ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ.

ಭಾನುವಾರ ಊರಿಗೆ ಹೋದೆ. ಚಿಕ್ಕಪ್ಪನ ಮಂದೆಯಲ್ಲಿ ಒಂದೊಂದೇ ಮರಿ ಹಿಡಿದು ನೋಡುತ್ತ ಬಂದೆ. ಎಲ್ಲಕ್ಕೂ ಎಡಗಿವಿಯ ಅಂಚು ಕತ್ತರಿಸಿತ್ತು! ನಮ್ಮ ಕುರಿ ಬೇರೆ ಮಂದೆಗೆ ಸೇರಿದರೆ ಗೊತ್ತಾಗಲಿ ಎಂದು ನಮ್ಮ ಮನೆಯವರು ತಲೆತಲಾಂತರದಿಂದ ಹಾಕುವ ಗುರುತು ಅದು. ಊನವಿಲ್ಲದ ಮರಿ ತರುತ್ತೇನೆ ಎಂದು ಎದೆ ತಟ್ಟಿ ಹೇಳುವಾಗ ಕುರಿ ಕಾಯ್ದವರ ಮೊಮ್ಮಗನಿಗೆ ಇದು ನೆನಪಾಗಲಿಲ್ಲ.

ಹುಣಸೆಮರದ ಕೆಳಗೆ ಒಂದು ಮರಿ ಮಾತ್ರ ಎರಡೂ ಕಿವಿ ಪೂರ್ತಿ ಇಟ್ಟುಕೊಂಡು ಜಂಬದಿಂದ ನಿಂತಿತ್ತು.

"ಅದು ಬೀರಪ್ಪಂದು ಕಣ್ಲಾ," ಎಂದ ಚಿಕ್ಕಪ್ಪ. "ದ್ಯಾವ್ರ ಮರಿಗೆ ನಮ್ ಗುರ್ತು ಯಾಕೆ?"

ಹಿಂದಿನ ವರ್ಷ ಚಿಕ್ಕಪ್ಪ ಬಾವಿಗೆ ಬಿದ್ದಿದ್ದ. ಪಂಪಿನ ಪೈಪು ತಬ್ಬಿಕೊಂಡು ಅರ್ಧ ದಿನ ನೇತಾಡಿ ಬದುಕಿ ಬಂದ. ಚಿಕ್ಕಮ್ಮ ಮನೆದೇವರು ಬೀರಪ್ಪನಿಗೆ ಹರಕೆ ಹೊತ್ತು ಆ ಮರಿಯನ್ನು ಬಿಟ್ಟಿದ್ದಳು. ಮುಂದಿನ ತಿಂಗಳು ಅದನ್ನು ಒಪ್ಪಿಸಬೇಕಿತ್ತು.

ನಾನು ದೇವಸಹಾಯಂನ ಕಥೆಯನ್ನೆಲ್ಲ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಬೀಡಿ ಎಳೆದ.

"ಅವ್ರೂವೆ ದ್ಯಾವ್ರು ಕಾಪಾಡಿದ್ನ ನೆನ್ಕಣಾದೇ ಅಲ್ವಾ? ತಕಂಡೋಗು. ಆದ್ರೆ ನೀರು ಮಾತ್ರ ಬೀಳಬಾರ್ದು ಲೇ ಸಿದ್ದ! ನೀರು ಬಿದ್ದು ಮೈ ಒದರ್ತೋ, ಅಲ್ಲಿಗೆ ಮುಗೀತು. ಯಾವ ದ್ಯಾವ್ರ ಮುಂದೆ ಒದರ್ತದೋ ಅದು ಆ ದ್ಯಾವ್ರಿಗೇ. ಬೀರಪ್ಪಂಗೆ ನಾನೇನು ಜವಾಬು ಏಳ್ಲಿ?"

ನಮ್ಮಲ್ಲಿ ಹಾಗೆಯೇ. ಬಲಿಗೆ ನಿಲ್ಲಿಸಿದ ಕುರಿಯ ಮೇಲೆ ನೀರು ಚಿಮುಕಿಸುತ್ತೇವೆ. ಅದು ಮೈ ಒದರಿದರೆ ದೇವರು ಒಪ್ಪಿಕೊಂಡ ಎಂದು ಎಲ್ಲರೂ ಕೂಗುತ್ತೇವೆ. ಒದರುವವರೆಗೆ ಕಾಯುತ್ತೇವೆ. ಚಿಕ್ಕಪ್ಪನ ಪ್ರಾಣ ಉಳಿದದ್ದಕ್ಕೆ ಕೊಡಬೇಕಾದ ಮರಿಯನ್ನು ಒಂದು ಹನಿ ನೀರೂ ಸೋಕದಂತೆ ನೋಡಿಕೊಳ್ಳುತ್ತೇನೆ ಎಂದು ಅವನ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟು ಬಂದೆ.

ನಾಲ್ಕು ದಿನ ಸೇಲಂನಲ್ಲಿ ನನ್ನಷ್ಟು ನೀರಿಗೆ ಹೆದರಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಾಗಿಲಿಗೆ ನೀರು ಹಾಕಬೇಡ ಎಂದು ಗಿರಿಜಾಗೆ ಆಜ್ಞೆ ಮಾಡಿದೆ. ಮೇಲಿನ ಮಹಡಿಯವರು ಬಟ್ಟೆ ಹಿಂಡಿದರೆ ಓಡಿಬಂದು ಮರಿಗೆ ಅಡ್ಡ ನಿಂತೆ. ಮೇಯಿಸಲು ಹೊರಗೆ ಕರೆದುಕೊಂಡು ಹೋಗುವಾಗ ಕೊಡೆ ಹಿಡಿದೆ. ಕಲ್ಲು ಕಾಯುವ ಬಿಸಿಲಿನಲ್ಲಿ, ಮೋಡದ ಸುಳಿವೇ ಇಲ್ಲದ ಆಕಾಶದ ಕೆಳಗೆ, ಕುರಿಗೆ ಕೊಡೆ!

"ಎನ್ನ ಸಾರ್, ಆಡುಕ್ಕು ವೆಯಿಲ್ ತಾಂಗಾದಾ?" ಎಂದಳು ಎದುರುಮನೆಯ ಸೆಲ್ವಿ. ಕುರಿಗೆ ಬಿಸಿಲು ತಡೆಯೋಲ್ಲವಾ ಎಂದು ಅವಳ ಅನುಮಾನ.

"ಮದುವೆ ಆಗಿ ಅದಿನಾರು ವರ್ಷ ಆಯ್ತು," ಎಂದಳು ಗಿರಿಜಾ. "ನಂಗೆ ಒಂದು ದಿನಾನಾದ್ರೂ ಕೊಡೆ ಇಡಿದಿದೀರಾ?"

ನನ್ನ ಎರಡೂ ಕೈ ಮರಿಗೆ ಮೀಸಲಾಗಿತ್ತು.

ಗುರುವಾರ ಸಂಜೆ ಮರಿಯೊಂದಿಗೆ, ಕೊಡೆಯೊಂದಿಗೆ ಚರ್ಚಿಗೆ ಹೋದೆ. ಒಳಗೆ ಕೊಡೆ ಬೇಡ ಎಂದರು. ಸೂರಿನ ಕೆಳಗೆ ಮಳೆಯೇನೂ ಸುರಿಯದು ಎಂದು ಮಡಿಸಿದೆ. ಮುಂದುಗಡೆ ಹಲಗೆಯ ಬಾಗಿಲ ಚೌಕಟ್ಟು ನಿಂತಿತ್ತು. ಅದರ ಹಿಂದೆ ಹತ್ತು ಜನ ಈಜಿಪ್ಟಿನ ಗುಲಾಮರು ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಹೊರಡಲು ಸಿದ್ಧರಾಗಿದ್ದರು. ನಾನು ಮರಿಯ ಹಗ್ಗ ಹಿಡಿದು ಚೌಕಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

ಅಯ್ಯರ್ ಕಥೆ ಓದತೊಡಗಿದರು. ದೇವಸಹಾಯಂ ಒಂದು ಬೇವಿನ ಸೊಪ್ಪಿನ ಕಟ್ಟನ್ನು ಬಕೆಟ್ಟಿನೊಳಗೆ ಅದ್ದಿದ. ಬಕೆಟ್ಟಿನಲ್ಲಿ ರಕ್ತದ ಬದಲು ಕುಂಕುಮ ಕದಡಿದ ನೀರಿತ್ತು! ಕತ್ತಿ ಇದೆಯಾ ಎಂದು ನಾನು ಮೂರು ಸಲ ಕೇಳಿದ್ದೆ. ನೀರು ಇದೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ.

"ಅಯ್ಯೋ, ನಿಲ್ಲು!" ಎನ್ನುವಷ್ಟರಲ್ಲಿ ದೇವಸಹಾಯಂ ಭಕ್ತಿಯಿಂದ ಚೌಕಟ್ಟಿಗೆ ಬೀಸಿದ. ಅರ್ಧ ನೀರು ಹಲಗೆಗೆ, ಅರ್ಧ ಮರಿಗೆ.

ಮರಿ ಒಂದು ಗಳಿಗೆ ಯೋಚಿಸಿತು. ಆಮೇಲೆ ಕಿವಿಯಿಂದ ಬಾಲದವರೆಗೆ ಒದರಿತು. ಅಷ್ಟು ಚೆನ್ನಾಗಿ ಒದರಿದ ಕುರಿಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ!

ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ. ಹೊಣೆ ನನ್ನ ವಂಶದ್ದು. ಎರಡೂ ಕೈ ಮೇಲೆತ್ತಿ ಕೂಗಿಬಿಟ್ಟೆ: "ಒದರ್ತು! ದ್ಯಾವ್ರು ಒಪ್ಕಂಡ!" ಕನ್ನಡ ತಿಳಿಯದವರಿಗೆ ಅನ್ಯಾಯವಾಗಬಾರದೆಂದು ತಮಿಳಿನಲ್ಲೂ ಕೂಗಿದೆ: "ತುಲುಕ್ಕಿಡುಚ್ಚು!"

ಕೈ ಮೇಲೆತ್ತಿದಾಗ ಹಗ್ಗವೂ ಬಿಟ್ಟುಹೋಯಿತು. ಮರಿ ಚೌಕಟ್ಟನ್ನು ಕೆಡವಿ ಬಾಗಿಲತ್ತ ಹಾರಿತು. ಹತ್ತು ಜನ ಗುಲಾಮರೂ ಕೋಲು ಹಿಡಿದು ಹಿಂದೆಯೇ ಓಡಿದರು. ಚಪ್ಪಲಿ ಮೊದಲೇ ಕಾಲಿನಲ್ಲಿತ್ತಲ್ಲ! ಅಸಲಿ ಈಜಿಪ್ಟಿನಿಂದಲೂ ಜನ ಅಷ್ಟು ಅವಸರದಲ್ಲಿ ಹೊರಟಿರಲಾರರು.

ಕಾಂಪೌಂಡಿನಲ್ಲಿ ಮರಿ ಸಿಕ್ಕಿತು. ಕಡೆಯ ಬೆಂಚಿನಲ್ಲಿ ಅದನ್ನು ತೊಡೆಯ ಮೇಲೆ ಅದುಮಿಕೊಂಡು, ಬಿಳಿ ಅಂಗಿಯ ತುಂಬ ಕುಂಕುಮ ಮಾಡಿಕೊಂಡು ಕೂತೆ. ಅಯ್ಯರ್ ಒಂದು ಮಾತೂ ಬೈಯಲಿಲ್ಲ. ರೊಟ್ಟಿ ಮುರಿದರು. ಜನ ಸಾಲಾಗಿ ಹೋಗಿ ಚೂರು ಚೂರು ತೆಗೆದುಕೊಂಡರು. ಅಷ್ಟು ಹೊತ್ತು ನಕ್ಕವರೇ ಈಗ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಬಾವಿಯೊಳಗೆ ಪೈಪು ತಬ್ಬಿದ್ದ ಚಿಕ್ಕಪ್ಪ ಕಣ್ಣಿಗೆ ಕಟ್ಟಿದ. ಅವತ್ತು ಮೇಲೆ ನಿಂತು ಹಗ್ಗ ಎಳೆದವರಲ್ಲಿ ನಾನೂ ಒಬ್ಬ. ಕೊಟ್ಟ ಭಾಷೆ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ನಿಜವಾಗಿ ದುಃಖವಾಯಿತು. ಮರಿ ನನ್ನ ಅಂಗಿಯ ಗುಂಡಿ ತಿನ್ನುತ್ತಿತ್ತು.

ಶನಿವಾರ ಮರಿಯೊಂದಿಗೆ ಊರಿಗೆ ಹೋಗಿ ತಪ್ಪೊಪ್ಪಿಕೊಂಡೆ.

"ಒದರ್ತಾ?"

"ಒದರ್ತು ಚಿಕ್ಕಪ್ಪ. ಜೋರಾಗೇ ಒದರ್ತು."

ಚಿಕ್ಕಪ್ಪ ಮರಿಯ ಮೈಮೇಲಿನ ಕುಂಕುಮದ ಕಲೆಯನ್ನು ಉಜ್ಜಿ ನೋಡಿದ. ಆಮೇಲೆ, "ಆಗಿದ್ದು ಆಯ್ತು. ಬೀರಪ್ಪಂಗೆ ತಪ್ಪುಕಾಣ್ಕೆ ಕಟ್ಟಿ ಬ್ಯಾರೆ ಮರಿ ಬಿಡ್ತೀನಿ. ಇದು ಅವ್ರ ದ್ಯಾವ್ರದು. ಅವ್ರಿಗೇ ಕೊಡು" ಎಂದ.

ಬಂದ ಬಸ್ಸಿನಲ್ಲೇ ಹಿಂತಿರುಗಿ ಅಯ್ಯರ್ ಮನೆಗೆ ಹೋದೆ. ಅವರು ಎಲ್ಲವನ್ನೂ ಕೇಳಿ ಮರಿಯ ತಲೆ ಸವರಿದರು.

"ನಮ್ಮ ದೇವರು ಕುರಿ ತೆಗೆದುಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು ಸಾರ್. ಗುರುವಾರ ನಾವು ನೆನೆದದ್ದು ಅದನ್ನೇ. ಮನೆಗೆ ಕರೆದುಕೊಂಡು ಹೋಗಿ."

ಆಗ ನನಗೆ ಆ ಕಥೆ ಅರ್ಥವಾಯಿತು. ಗುಲಾಮರಿಗೆ ಬಿಡುಗಡೆ. ಚಿಕ್ಕಪ್ಪನಿಗೆ ಬಾವಿಯಿಂದ ಬಿಡುಗಡೆ. ಇಬ್ಬರು ದೇವರಿಗೂ ಬೇಡವಾಗಿ ಟಗರಿಗೆ ಬಿಡುಗಡೆ. ಸಿಕ್ಕಿಹಾಕಿಕೊಂಡವನು ನಾನೊಬ್ಬನೇ!

ಟಗರು ನಮ್ಮ ಹಿತ್ತಿಲಲ್ಲಿ ಬೆಳೆದು ಕೊಂಬು ಬಿಟ್ಟಿತು. ದಿನಾ ಬೆಳಗ್ಗೆ ಅದಕ್ಕೆ ಒಂದು ಚೀಲ ಹುಲ್ಲು ಬೇಕು. ಒಂದು ದಿನ, "ನನ್ನ ಕೈಲಾಗೋದಿಲ್ಲ, ನಾನು ಆಫೀಸಿಗೆ ಹೋಗೋ ಮನುಷ್ಯ" ಎಂದು ಗಿರಿಜಾ ಮುಂದೆ ಗಂಭೀರವಾಗಿ ಘೋಷಿಸಿದೆ. ಬಾಗಿಲಿಗೆ ನೀರು ಹಾಕುತ್ತಿದ್ದವಳು ತಿರುಗಿ ಒಂದು ಬೊಗಸೆ ನನ್ನ ತಲೆಗೇ ಎರಚಿದಳು.

ತಣ್ಣೀರು. ತಲೆ ಕೊಡವಿದೆ.

"ಒದರ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಒಪ್ಕಂಡಂಗಾಯ್ತು. ಇಡ್ಕಳಿ ಚೀಲ!"

ಚೀಲ ಹಿಡಿದುಕೊಂಡು ಹೊರಟೆ.