ತೊಡೆಯ ಮೇಲೆ ಕೂಸು, ವಲ್ಲಿಯ ಕೆಳಗೆ ಕೈ

ನಾನು ಆದೋನಿಯಲ್ಲಿ ಹತ್ತಿ ದಲಾಲಿ. ಹತ್ತಿ ಬೆಳೆಯುವವನಲ್ಲ, ಕೊಳ್ಳುವವನೂ ಅಲ್ಲ. ಇಬ್ಬರ ನಡುವೆ ಕೂತು ದರ ಕುದುರಿಸುವವನು. ಈ ಘನ ಉದ್ಯೋಗ ವರ್ಷಕ್ಕೆ ಐದೇ ತಿಂಗಳು. ಉಳಿದ ಏಳು ತಿಂಗಳು ನಾನು ಕಟ್ಟೆಯ ಮೇಲೆ ಕೂತು ಯುದ್ಧದ ಸುದ್ದಿ ಕೇಳುತ್ತಿದ್ದೆ. ನನ್ನ ಹೆಂಡತಿ ನೀಲಮ್ಮ ಒಳಗೆ ಖಾಲಿ ಡಬ್ಬಿಗಳ ಸದ್ದು ಮಾಡುತ್ತಿದ್ದಳು, ನನಗೆ ಕೇಳಲಿ ಎಂದೇ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಒಬ್ಬ ಟೀಚರಮ್ಮ ಕೆಲಸ ಬಿಟ್ಟರು. ಎಂಟನೆಯ ತರಗತಿ ಓದಿದ್ದ ನೀಲಮ್ಮನನ್ನು ಕರೆದರು. ಮೊದಲು ತಾತ್ಕಾಲಿಕ, ಸರಿಬಂದರೆ ಖಾಯಂ. ಹನ್ನೆರಡು ತಿಂಗಳೂ ಸಂಬಳ! ಆದರೆ ಮನೆಯಲ್ಲಿ ಹತ್ತು ತಿಂಗಳ ಗೌರಿ ಇದ್ದಳು. ಹಿರಿಯರು ಯಾರೂ ಇರಲಿಲ್ಲ. ಆಳು ಇಟ್ಟರೆ ಸಂಬಳವೆಲ್ಲ ಆಳಿನ ಪಾಲು.

"ಕೂಸಿನ್ನ ಯಾರು ನೋಡ್ಕೊಂತಾರ?" ಎಂದಳು ನೀಲಮ್ಮ.

"ನಾನಿಲ್ಲೇನು?"

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವಾ?"

"ಪ್ಯಾಟ್ಯಾಗ ಹತ್ತು ಮಂದಿ ಸಾವ್ಕಾರರನ್ನ ಸಂಭಾಳಸ್ತೀನಿ. ಒಂದು ಕೂಸು ಏನ್ ದೊಡ್ಡ ಮಾತು!"

ಎದುರುಮನೆಯ ತಿಮ್ಮಕ್ಕ ಇದನ್ನು ಕೇಳಿಸಿಕೊಂಡು, "ಗಂಡಸು ಮನಿ ಹಿಡಿದು ಕುಂತ್ರ ಸಂಸಾರ ಹೆಂಗ ನಡೀತೈತಪ್ಪ?" ಎಂದಳು.

"ನೋಡ್ತಾ ಇರಬೇ ತಿಮ್ಮಕ್ಕಾ," ಎಂದು ನಕ್ಕೆ.

ತಿಮ್ಮಕ್ಕ ನೋಡಿದಳು. ಇಡೀ ಓಣಿಯೇ ನೋಡಿತು.

ಮೊದಲ ವಾರವೇ ಪೆಟ್ಟಿಗೆಯ ಬೀಗದ ಕೈ ಕಾಣೆಯಾಯಿತು. ಗೌರಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ನುಂಗಿದ್ದಾಳೆ ಎಂದು ನನಗೆ ಖಾತ್ರಿಯಾಯಿತು! ತಿಮ್ಮಕ್ಕನನ್ನು ಶಾಲೆಗೆ ಓಡಿಸಿದೆ. ನೀಲಮ್ಮ ಪಾಠದ ಮಧ್ಯದಿಂದ ಎದ್ದು ಓಡುತ್ತ ಬಂದಳು, ಬೆವರು ಒರೆಸಿಕೊಂಡಳು, ನನ್ನ ಉಡಿದಾರಕ್ಕೆ ಕೈ ಹಾಕಿದಳು. ಬೀಗದ ಕೈ ಅಲ್ಲೇ ತೂಗುತ್ತಿತ್ತು.

ಎರಡನೆಯ ಸಲದ್ದು ಸ್ವಲ್ಪ ದೊಡ್ಡ ಪ್ರಮಾಣದ ಕಾರ್ಯಕ್ರಮ. ನಾನು ರೊಟ್ಟಿ ತಟ್ಟುವಾಗ ಕೂಸು ಒಲೆಯ ಕಡೆ ಬಾರದಿರಲಿ ಎಂದು ಗೌರಿಯನ್ನು ಖಾಲಿ ಹಂಡೆಯಲ್ಲಿ ಕೂರಿಸಿದೆ. ಎಂಥ ಬುದ್ಧಿ ನನ್ನದು ಎಂದು ನನಗೇ ಹೆಮ್ಮೆಯಾಯಿತು. ರೊಟ್ಟಿ ಸುಟ್ಟು ಕರಕಾದ ಮೇಲೆ ಕೂಸನ್ನು ಎತ್ತಲು ಹೋದರೆ ಬರಲೊಲ್ಲಳು! ಮೊಣಕಾಲು ಮಡಚಿ ಗಟ್ಟಿಯಾಗಿ ಕೂತುಬಿಟ್ಟಿದ್ದಳು. ಓಣಿಯ ಜನ ಸೇರಿದರು. ಒಬ್ಬರು ಎಣ್ಣೆ ಹಚ್ಚಿರಿ ಎಂದರು, ಒಬ್ಬರು ಕಂಚುಗಾರನನ್ನು ಕರೆಸಿರಿ ಎಂದರು. ತಿಮ್ಮಕ್ಕ ಮತ್ತೆ ಶಾಲೆಗೆ ಓಡಿದಳು. ನೀಲಮ್ಮ ಬಂದು ಹಂಡೆಯನ್ನು ಅಡ್ಡ ಮಲಗಿಸಿ ಒಂದು ಚೂರು ಬೆಲ್ಲ ತೋರಿಸಿದಳು. ಗೌರಿ ತಾನಾಗಿಯೇ ಅಂಬೆಗಾಲಿಕ್ಕುತ್ತ ಹೊರಗೆ ಬಂದಳು.

ಆ ಸಂಜೆ ನೀಲಮ್ಮ ಊಟ ಮಾಡಲಿಲ್ಲ. "ದೊಡ್ಡ ಟೀಚರಮ್ಮ ಹೇಳಿಬಿಟ್ರು. ಇನ್ನೊಂದು ಸಲ ಮನಿಯಿಂದ ಕರಿಯಾಕ ಬಂದ್ರ, ಮನ್ಯಾಗ ಇದ್ದುಬಿಡ್ರಿ ಅಂತ," ಎಂದು ಗೋಡೆಯ ಕಡೆ ತಿರುಗಿ ಕೂತಳು. ದಿನಾ ಬೆಳಗ್ಗೆ ಸೆರಗು ಸರಿಮಾಡಿಕೊಂಡು ಶಾಲೆಗೆ ಹೊರಡುವಾಗ ಆಕೆಯ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಮದುವೆಯಾಗಿ ಆರು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಕಾಶವೇ ಕಳಚಿ ಬಿದ್ದರೂ ನನ್ನ ಮನೆಯಿಂದ ಇನ್ನು ಶಾಲೆಗೆ ಯಾರೂ ಹೋಗಕೂಡದು ಎಂದು ಶಪಥ ಮಾಡಿದೆ.

ಅಷ್ಟರಲ್ಲಿ ಹತ್ತಿ ಬಂತು.

ಹೊಳಗುಂದದ ಈರಣ್ಣ ಮೂರು ಬಂಡಿ ಹತ್ತಿ ತುಂಬಿಕೊಂಡು ನನ್ನನ್ನು ಪೇಟೆಯಲ್ಲೆಲ್ಲ ಹುಡುಕಿ, ಕಡೆಗೆ ಮನೆಯ ಮುಂದೆಯೇ ಬಂದು ನಿಂತ. ಕೂಸನ್ನು ಬಿಟ್ಟು ಹೋಗುವಂತಿಲ್ಲ. "ಇಲ್ಲೇ ಮಾಡೂಣು, ಸಾವ್ಕಾರರನ್ನ ಕರ್ಕೊಂಬಾ," ಎಂದೆ. ಹತ್ತಿ ಮಲ್ಲಿಗೆಯಂತಿತ್ತು. ಹಾಗಾಗಿ ಚನ್ನಬಸಪ್ಪ ಸಾವುಕಾರರು ಗೊಣಗುತ್ತಲೇ ಬಂದರು. ಹತ್ತಿ ನೋಡಲು ಇನ್ನಿಬ್ಬರು ವ್ಯಾಪಾರಿಗಳೂ ಹಿಂದೆಯೇ ಬಂದರು.

ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿ, ಅದರ ಕೆಳಗೆ ಸಾವುಕಾರನ ಬೆರಳು ಹಿಡಿಯುತ್ತಾನೆ. ಪೇಟೆ ದರದ ಮೇಲೆ ಎಷ್ಟು ರೂಪಾಯಿ ಹೆಚ್ಚು ಬೇಕೋ ಅಷ್ಟು ಬೆರಳು. ಸುತ್ತ ಕೂತವರಿಗೆ ಗೊತ್ತಾಗಬಾರದು. ನನ್ನ ಹಿಡಿತ ಪೇಟೆಯಲ್ಲಿ ಬಹಳ ಹೆಸರಾಗಿತ್ತು, ಮೆತ್ತಗೆ ಎಂದು!

ಈರಣ್ಣ ಮೊದಲೇ ನನ್ನ ಎರಡು ಬೆರಳು ಅದುಮಿ ಹೇಳಿದ್ದ. ನಾನು ಮನೆಯ ಕಟ್ಟೆಯ ತುದಿಯಲ್ಲಿ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ವಲ್ಲಿಯ ಕೆಳಗೆ ಸಾವುಕಾರರ ಎರಡು ಬೆರಳು ಹಿಡಿದೆ. ಅವರು ಕೊಸರಿಕೊಂಡು ನನ್ನ ಒಂದೇ ಬೆರಳು ಹಿಡಿದರು. ನಾನು ಎಂದಿನಂತೆ ಒಪ್ಪಿಬಿಡುವುದರಲ್ಲಿದ್ದೆ.

ಆಗ ಕಟ್ಟೆಯ ಕೆಳಗೆ ಎತ್ತಿನ ಗಂಟೆ ಗಣಗಣ ಎಂದಿತು. ಗೌರಿ ಅದನ್ನು ಹಿಡಿಯಲೆಂದು ತಲೆಕೆಳಗಾಗಿ ಧುಮುಕಿದಳು!

ಎಡಗೈಗೆ ಸಿಕ್ಕಿದ್ದು ಆಕೆಯ ಒಂದು ಕಾಲು. ಅವಳ ಹಿಂದೆ ನಾನೂ ವಾಲಿದೆ. ಆಸರೆಗೆ ಲೋಕದಲ್ಲಿ ನನಗೆ ಉಳಿದಿದ್ದು ವಲ್ಲಿಯ ಕೆಳಗಿನ ಸಾವುಕಾರರ ಕೈಯೊಂದೇ. ಅವರ ಐದೂ ಬೆರಳು ಸೇರಿಸಿ ಉಡದಂತೆ ಹಿಡಿದೆ.

ಸಾವುಕಾರರ ಕಣ್ಣು ಅಗಲವಾದವು. ಕೈ ಜಗ್ಗಿದರು. ನಾನು ಬಿಡಲಿಲ್ಲ. ಬಿಟ್ಟರೆ ಅಪ್ಪ ಮಗಳು ಇಬ್ಬರೂ ಎತ್ತಿನ ಕಾಲಡಿಗೆ!

ತಿಮ್ಮಕ್ಕ ಎದುರಿನಿಂದ ಕಿರುಚಿದಳು: "ಅಯ್ಯಯ್ಯೋ, ಕೂಸು! ನೀಲಮ್ಮನ್ನ ಕರಕೊಂಬರ್ಲೇನು?"

"ಬ್ಯಾಡ!" ಎಂದು ಅಬ್ಬರಿಸಿದೆ. "ಏನಾದ್ರೂ ಆಗ್ಲಿ, ಬ್ಯಾಡಂದ್ರ ಬ್ಯಾಡ!"

ಕೂಸು ತೂಗುತ್ತಿದ್ದದ್ದು ಕಟ್ಟೆಯ ಆ ಕಡೆ. ಸಾವುಕಾರರಿಗೆ ಕಾಣುತ್ತಿದ್ದದ್ದು ನನ್ನ ಕೆಂಪೇರಿದ ಮುಖ, ಉಬ್ಬಿದ ಕತ್ತಿನ ನರ. ಹನ್ನೆರಡು ವರ್ಷ ಬೆಣ್ಣೆಯಂತಿದ್ದ ದಲಾಲಿ ಇವತ್ತು ಕಬ್ಬಿಣವಾಗಿದ್ದಾನೆ! ಅವರು ನನ್ನ ಕಿವಿಯ ಹತ್ತಿರ ಬಂದು, "ಏಮಯ್ಯಾ, ದರ ಏರೈತಂತ ಬೊಂಬಾಯಿಂದ ತಂತಿ ಬಂದೈತೇನು?" ಎಂದರು.

ಉತ್ತರ ಕೊಡಲು ನನ್ನಲ್ಲಿ ಉಸಿರು ಉಳಿದಿರಲಿಲ್ಲ. ಆ ಮೌನವನ್ನು ಅವರು ಹೌದು ಎಂದೇ ತಿಳಿದರು.

"ಮಾಲು ಹಿಡಿದೆ!" ಎಂದು ಎಲ್ಲರ ಮುಂದೆ ಕೂಗಿಬಿಟ್ಟರು. ಅಷ್ಟರಲ್ಲಿ ಈರಣ್ಣ ಓಡಿಬಂದು ಗೌರಿಯನ್ನು ಎತ್ತಿಕೊಂಡ. ಗೌರಿ ಕೇಕೆ ಹಾಕಿ ನಗುತ್ತಿದ್ದಳು. ದರ ಕೇಳಿದ ಮೇಲೆ ಈರಣ್ಣ ಅವಳಿಗಿಂತ ಜೋರಾಗಿ ನಕ್ಕ. ಎರಡು ಕೇಳಿದ್ದವನಿಗೆ ಐದು!

ಇನ್ನಿಬ್ಬರು ವ್ಯಾಪಾರಿಗಳು "ತಂತಿ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಂಚೆ ಎತ್ತಿ ಕಟ್ಟಿಕೊಂಡು ಪೇಟೆಗೆ ಓಡಿದರು. ಮೂರು ಗಂಟೆಯ ಹೊತ್ತಿಗೆ ಬಾರದ ತಂತಿಯ ಸುದ್ದಿ ಇಡೀ ಪೇಟೆಗೆ ತಿಳಿದು ಹತ್ತಿಯ ದರ ನಿಜವಾಗಿಯೇ ಏರಿತು. ನಾಲ್ಕಕ್ಕೆ ನನ್ನ ಮನೆಯ ಮುಂದೆ ಓಣಿಯ ತುದಿಯವರೆಗೆ ಬಂಡಿಗಳು ನಿಂತವು. ರೈತರೆಲ್ಲ ನನ್ನ ಕೈಯನ್ನು ಭಕ್ತಿಯಿಂದ ನೋಡಿದರು.

ಶಾಲೆ ಬಿಟ್ಟು ಬಂದ ನೀಲಮ್ಮ ಆ ಜನ ನೋಡಿ ಹೌಹಾರಿದಳು. "ಏನಾತ್ರೀ? ಕೂಸೆಲ್ಲಿ?"

ನಾನು ಎದೆಯುಬ್ಬಿಸಿ ಎಲ್ಲವನ್ನೂ ವರ್ಣಿಸಿದೆ. ಕಡೆಗೆ ಮಹಾರಾಜರ ಗತ್ತಿನಲ್ಲಿ ಘೋಷಿಸಿದೆ: "ನಾಳೆಯಿಂದ ನಾನು ಪ್ಯಾಟಿಗೆ. ನೀನು ಸಾಲಿ ಬಿಟ್ಟು ಹಾಯಾಗಿ ಮನ್ಯಾಗಿರು. ಆ ಶಕ್ತಿ ಈಗ ನಮಗ ಬಂದೈತಿ!"

ನೀಲಮ್ಮನ ಮುಖದ ಆ ಕಳೆ ಆರಿಹೋಯಿತು. ಆದರೂ ಜಗಳವಾಡಲಿಲ್ಲ. "ನಾಳೆ ಶನಿವಾರ, ಸಾಲಿ ಇಲ್ಲ. ಒಂದಿನ ಹೋಗಿ ಬರ್ರಿ. ಆಮ್ಯಾಲೆ ಮಾತಾಡೂಣು," ಎಂದಳು.

ಹೋದೆ. ತೊಡೆಯ ಮೇಲೆ ಕೂಸಿಲ್ಲ, ಕೆಳಗೆ ಎತ್ತಿಲ್ಲ, ಬೀಳುವ ಭಯವಿಲ್ಲ. ನಾನು ಮೂರು ಬೆರಳು ಹಿಡಿದೆ, ಸಾವುಕಾರರು ಒಂದು ಹಿಡಿದರು. ನಾನು "ಆಗಲಿ ಬಿಡ್ರಿ," ಎಂದೆ. ಹೀಗೆ ನಾಲ್ಕು ಸಲ! ಐದನೆಯ ರೈತ ಬಂಡಿಯಿಂದ ಇಳಿಯಲೇ ಇಲ್ಲ. "ದಲಾಲಿ ಅಪ್ಪಾರ, ನಾವು ಸೋಮವಾರ ನಿಮ್ಮ ಮನಿಗೇ ಬರ್ತೀವ್ರಿ. ಕೂಸು ಇರ್ತೈತಿ ಅಲ್ರೀ?" ಎಂದು ಎತ್ತು ತಿರುಗಿಸಿದ.

ಸಂಕ್ರಾಂತಿಯ ಮರುದಿನ ದೊಡ್ಡ ಟೀಚರಮ್ಮ ಸ್ವತಃ ಖಾಯಂ ಆರ್ಡರು ಹಿಡಿದುಕೊಂಡು ಮನೆಗೆ ಬಂದರು. ಬಾಗಿಲಲ್ಲಿ ನಿಂತೇ ಕೇಳಿದರು: "ನಿಮ್ಮ ಮನಿಯವರು ಈಗ ದೊಡ್ಡ ದಲಾಲಿ ಆಗ್ಯಾರಂತ. ಇನ್ನ ಸಾಲಿಗೆ ಬರ್ತೀಯೋ, ಮನ್ಯಾಗಿರ್ತೀಯೋ?"

"ಬರ್ತೀನ್ರಿ," ಎಂದಳು ನೀಲಮ್ಮ, ಹಿಂದೆಮುಂದೆ ನೋಡದೆ. "ಅವರು ಹೊರಗ ಹೋಗಿ ದುಡಿಯೋದು ನಮ್ಮಂಥವರಿಗೆ ಪೂರೈಸೂದಿಲ್ರಿ!"

ಒಳಗೆ ಗೌರಿಯನ್ನು ಬೆನ್ನಿಗೆ ಕಟ್ಟಿಕೊಂಡು ರೊಟ್ಟಿ ತಟ್ಟುತ್ತಿದ್ದ ನಾನು ಹೌದೆಂದು ತಲೆಯಾಡಿಸಿದೆ. ಆಕೆ ಶಾಲೆಯಲ್ಲಿ ಕಲಿಸುವುದೇ ಲೆಕ್ಕ!